ಅಷ್ಟೂರು ದಾರಿಯ ಕುದುರೆ ಸವಾರಿ ತರಗತಿ: ಕೈಯಲ್ಲಿ ಹೆಚ್ಚು ಹಣವಿಲ್ಲದ ಮನೆಯವರು ತಿಳಿದಿರಬೇಕಾದದ್ದು

ಬೀದರ್ ಊರು ದಾಟಿ ಅಷ್ಟೂರಿನ ಗುಂಬಜ್‌ಗಳ ಕಡೆಗೆ ಹೋಗುವ ದಾರಿಯ ಆಸುಪಾಸಿನಲ್ಲಿ, ತಗಡು ಹೊದಿಸಿದ ಒಂದು ಲಾಯವೂ ಅದರ ಎದುರಿಗೆ ಬೇಲಿ ಕಟ್ಟಿದ ಒಂದು ಅಂಗಳವೂ ಇವೆ. ಅಲ್ಲಿ ಬೆಳಗಿನ ಹೊತ್ತು ನಡೆಯುವ ಕುದುರೆ ಸವಾರಿ ತರಗತಿಯ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಫಲಕವಿಲ್ಲ, ಕಲಿಸುವ ಹಿರಿಯರನ್ನು ಎಲ್ಲರೂ ಉಸ್ತಾದರೆಂದೇ ಕರೆಯುತ್ತಾರೆ. ನನ್ನ ತಂಗಿಯ ಮಗಳು ಪಿಯುಸಿ ಮೊದಲ ವರ್ಷದಲ್ಲಿದ್ದಾಳೆ. ಕಳೆದ ಮಳೆಗಾಲ ಮುಗಿದಾಗಿನಿಂದ ಅವಳು ಇಲ್ಲಿ ಕಲಿಯುತ್ತಿದ್ದಾಳೆ. ಅವಳ ತಂದೆಗೆ ಒಂದು ಚಿಕ್ಕ ಹೊಲಿಗೆ ಅಂಗಡಿ ಇದೆ. ಮನೆ ಬಾಡಿಗೆ, ಟ್ಯೂಷನ್, ಅಜ್ಜಿಯ ಔಷಧ ಇವೆಲ್ಲ ಕಳೆದ ಮೇಲೆ ಉಳಿಯುವುದು ಅಷ್ಟಕ್ಕಷ್ಟೇ ಆಗಿರುವುದರಿಂದ, ಸವಾರಿ ಕಲಿಯಬೇಕೆಂಬ ಅವಳ ಆಸೆಯನ್ನು ಮನೆಯಲ್ಲಿ ಬಹಳ ಕಾಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆದರೆ ಆಸೆ ಸಣ್ಣದಾಗಿರಲಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ತಂಡ ಡ್ರೆಸಾಜ್ (ಸವಾರರ ಸೂಚನೆಯಂತೆ ಕುದುರೆ ಹದವಾಗಿ ಹೆಜ್ಜೆ ಹಾಕುವ) ಸ್ಪರ್ಧೆಯ ಚಿನ್ನ ಗೆದ್ದಾಗ ಅವಳು ಆ ದೃಶ್ಯವನ್ನು ಫೋನಿನಲ್ಲಿ ಎಷ್ಟೋ ಸಲ ನೋಡಿದಳು. ಕುದುರೆ ಸವಾರಿಯಲ್ಲಿ ಏಷ್ಯನ್ ಕೂಟದ ಚಿನ್ನ ನಮ್ಮ ದೇಶಕ್ಕೆ 41 ವರ್ಷಗಳ ನಂತರ ಬಂದಿತ್ತು, ಗೆದ್ದ ನಾಲ್ವರಲ್ಲಿ ಇಬ್ಬರು ಹುಡುಗಿಯರಿದ್ದರು. ಬೆಂಗಳೂರಿನ ಫೌವಾದ್ ಮಿರ್ಜಾ ಟೋಕಿಯೋ ಒಲಿಂಪಿಕ್ಸ್‌ನ ಈವೆಂಟಿಂಗ್ (ಡ್ರೆಸಾಜ್, ಬಯಲೋಟ, ಜಿಗಿತ ಮೂರೂ ಸೇರಿದ) ಸ್ಪರ್ಧೆಯಲ್ಲಿ 23ನೇ ಸ್ಥಾನ ಪಡೆದದ್ದೂ ಅವಳಿಗೆ ಬಾಯಿಪಾಠ. ಹಿತ್ತಿಲ ಮೋಟುಗೋಡೆಯ ಮೇಲೆ ಗೋಣಿಚೀಲ ಮಡಚಿ ಹಾಸಿ, ಎರಡು ಕಡೆ ಹಗ್ಗದ ಕುಣಿಕೆ ಇಳಿಬಿಟ್ಟು, ಅದರಲ್ಲಿ ಕಾಲಿಟ್ಟು ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ಅವಳು ತಾನೇ ಅಭ್ಯಾಸ ಮಾಡಿಕೊಂಡಿದ್ದಳು. ಸೀರೆಗಳಿಗೆ ಫಾಲ್ ಹಚ್ಚಿ ಬಂದ ಹಣವನ್ನು ಕಂಪಾಸ್ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಆ ಡಬ್ಬಿಯನ್ನು ನನ್ನ ಮುಂದೆ ತೆರೆದಿಟ್ಟ ದಿನವೇ ನಾನು ಅವಳ ಜೊತೆ ಹೋಗಿ ವಿಚಾರಿಸಲು ಒಪ್ಪಿದೆ.

‘ಕುದುರೆ ನಮ್ಮಂಥವರಿಗಲ್ಲ’ ಎಂದು ಮನೆಯ ಹಿರಿಯರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಈ ನಾಡಿನಲ್ಲಿ ಕುದುರೆ ಯಾವಾಗಲೂ ಸುಲ್ತಾನರ, ಸರದಾರರ, ವ್ಯಾಪಾರಿಗಳ ಸೊತ್ತು. 15ನೇ ಶತಮಾನದಲ್ಲಿ ರಷ್ಯಾದಿಂದ ಬಂದ ಅಫನಾಸಿ ನಿಕಿತಿನ್ ಒಂದೇ ಒಂದು ಕುದುರೆಯನ್ನು ಹಡಗಿನಲ್ಲಿ ಸಮುದ್ರ ದಾಟಿಸಿ ತಂದು ಕೊನೆಗೆ ಬೀದರಿನಲ್ಲಿ ಮಾರಿದ. ನಮ್ಮ ಪಕ್ಕದ ಆಳಂದದ ಜಾತ್ರೆಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆಂದು ಬರೆದಿಟ್ಟವನೂ ಅವನೇ. ಇಂದು ಅದೇ ಬೀದರಿನಲ್ಲಿ ಕುದುರೆ ಕಣ್ಣಿಗೆ ಬೀಳುವುದು ಮದುವೆಯ ಮೆರವಣಿಗೆಯಲ್ಲಿ. ಇಲ್ಲವಾದರೆ ಭಾಲ್ಕಿ ತಾಲ್ಲೂಕಿನ ಮೈಲಾರ ಮಲ್ಲಣ್ಣನ ಜಾತ್ರೆಯಲ್ಲಿ. ಹಾಗಾಗಿ ಕಲಿಸುವವರೊಬ್ಬರು ಇಲ್ಲಿದ್ದಾರೆ ಎನ್ನುವುದೇ ನನಗೆ ದೊಡ್ಡ ಮಾತಾಗಿ ಕಂಡಿತು.

ಒಂದು ತರಗತಿಗೆ 300 ರೂಪಾಯಿ. ತಿಂಗಳ ಹಣ ಮುಂಗಡವಾಗಿ ಕೊಡಬೇಕು. ಬೆಳಗಿನ ಆರರಿಂದ ಮುಕ್ಕಾಲು ಗಂಟೆ ಪಾಠ, ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಯುತ್ತದೆ. ಹಣ ಕೊಟ್ಟೊಡನೆ ಕುದುರೆಯ ಮೇಲೆ ಕೂರಿಸಿ ಎರಡು ಸುತ್ತು ಹಾಕಿಸಿ ಫೋಟೋ ತೆಗೆದು ಕಳಿಸುವ ಸ್ಥಳವಿದಲ್ಲ. ಮೊದಲ ದಿನ ಹುಡುಗಿ ಆತುರದಿಂದ ಜೀನಿನತ್ತ ನೋಡುತ್ತಿದ್ದಾಗ ಉಸ್ತಾದರು, ‘ಮೊದಲ್ ಕುದರಿಗಿ ನಿನ್ ಗುರ್ತ ಆಗ್ಲಿ ಬೇಟಾ, ಹತ್ತಾದು ಆಮ್ಯಾಲ’ ಎಂದು ಕೈಗೆ ಮೈ ಉಜ್ಜುವ ಬ್ರಷ್ ಕೊಟ್ಟರು. ಚಾಂದನಿ ಎಂಬ ಕಂದು ಬಣ್ಣದ ಹೆಣ್ಣುಕುದುರೆಯ ಕತ್ತಿನಿಂದ ಬೆನ್ನಿನವರೆಗೆ ಕೂದಲು ಮಲಗಿದ ದಿಕ್ಕಿನಲ್ಲೇ ಹೇಗೆ ಉಜ್ಜಬೇಕು, ಕಾಲೆತ್ತಿಸಿ ಗೊರಸಿನೊಳಗೆ ಸಿಕ್ಕಿದ ಹರಳನ್ನು ಕೊಕ್ಕೆಯಿಂದ ಹೇಗೆ ತೆಗೆಯಬೇಕು, ಗೊರಸಿನ ನಡುವಿನ ಮೆತ್ತಗಿನ ಭಾಗಕ್ಕೆ ಕೊಕ್ಕೆ ಏಕೆ ತಾಗಬಾರದು ಎಂಬುದನ್ನೆಲ್ಲ ಅವರು ಸಾವಧಾನವಾಗಿ ತೋರಿಸಿದರು. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ನೇರ ಹಿಂದೆ ನಿಂತವರು ಅದಕ್ಕೆ ಕಾಣುವುದಿಲ್ಲ; ಆದ್ದರಿಂದ ಹಿಂದಿನಿಂದ ಸದ್ದಿಲ್ಲದೆ ಹೋಗದೆ, ಹೆಗಲಿನ ಕಡೆಯಿಂದ ಮಾತಾಡಿಸುತ್ತ ಹತ್ತಿರ ಹೋಗಬೇಕೆಂಬುದು ಅಲ್ಲಿನ ಮೊದಲ ಪಾಠ.

ಕಲಿಸುವ ಕ್ರಮದ ಬಗ್ಗೆ ನನಗೆ ಪೂರ್ತಿ ಸಮಾಧಾನವಿದೆ. ಏರುವ ಮೊದಲು, ಜೀನು ಬಿಗಿಯುವ ಹೊಟ್ಟೆಪಟ್ಟಿಯ ಕೆಳಗೆ ಎರಡು ಬೆರಳು ತೂರುತ್ತವೆಯೇ ಎಂದು ಕಲಿಯುವವರೇ ನೋಡಬೇಕು. ಏರುವುದು ಎಡಗಡೆಯಿಂದ. ಆರಂಭದಲ್ಲಿ ಲಗಾಮು ಕೈಗೆ ಕೊಡುವುದಿಲ್ಲ. ಉಸ್ತಾದರು ಉದ್ದ ಹಗ್ಗ ಹಿಡಿದು ಅಂಗಳದ ನಡುವೆ ನಿಂತು ಕುದುರೆಯನ್ನು ಸುತ್ತ ನಡೆಸುತ್ತಾರೆ. ಸವಾರರು ಎರಡೂ ಕೈ ಚಾಚಿ ಬರಿಯ ಸೊಂಟದ ಹದದಿಂದ ಕೂರಬೇಕು. ಹೆದರಿದವರು ಲಗಾಮು ಜಗ್ಗಿ ಕುದುರೆಯ ಬಾಯಿ ನೋಯಿಸುತ್ತಾರೆ, ಆದ್ದರಿಂದ ಕೂರುವುದು ಬಂದ ಮೇಲೆಯೇ ಲಗಾಮು ಎಂಬುದು ಅವರು ಕೊಡುವ ಕಾರಣ. ನಡಿಗೆಯಿಂದ ಕುಕ್ಕುಲೋಟಕ್ಕೆ ಬಂದಾಗ ನಮ್ಮ ಹುಡುಗಿ ಕೆಲವು ವಾರ ಬಹಳ ಕಷ್ಟಪಟ್ಟಳು. ಆ ಓಟದಲ್ಲಿ ಕುದುರೆ ಮುಂದಿನ ಒಂದು ಕಾಲನ್ನೂ ಅದಕ್ಕೆ ಕರ್ಣದಲ್ಲಿರುವ ಹಿಂದಿನ ಕಾಲನ್ನೂ ಒಟ್ಟಿಗೆ ಎತ್ತಿಡುವುದರಿಂದ ಎರಡೆರಡು ಏಟಿನ ತಾಳ ಹುಟ್ಟುತ್ತದೆ. ಒಂದು ಏಟಿಗೆ ಏಳಬೇಕು, ಮುಂದಿನ ಏಟಿಗೆ ಕೂರಬೇಕು. ತಾಳ ತಪ್ಪಿದರೆ ಬೆನ್ನುಹುರಿಗೆ ಒನಕೆಯ ಏಟು ಬಿದ್ದಂತೆ. ಉಸ್ತಾದರು ಗದರುವುದಿಲ್ಲ. ‘ಹಿಮ್ಮಡಿ ಕೆಳಗ, ಕಣ್ಣ ಮುಂದ’ ಎನ್ನುವ ಒಂದೇ ಮಾತನ್ನು ಅದೇ ದನಿಯಲ್ಲಿ ಹೇಳುತ್ತಲೇ ಇರುತ್ತಾರೆ. ಒಂದು ಬೆಳಿಗ್ಗೆ ಅವಳ ಮೈಗೆ ಆ ತಾಳ ಹತ್ತಿತು. ಇಳಿದು ಬಂದವಳು ಏನೂ ಹೇಳದೆ ಚಾಂದನಿಯ ಕತ್ತಿಗೆ ಮುಖ ಒತ್ತಿ ನಿಂತಿದ್ದನ್ನು ಕಂಡು ನನಗೆ ಶುಲ್ಕದ ಚಿಂತೆ ಆ ಹೊತ್ತಿಗೆ ಮರೆತೇ ಹೋಯಿತು.

ಕುದುರೆಗಳನ್ನು ನೋಡಿಕೊಳ್ಳುವ ರೀತಿಯನ್ನೂ ಗಮನಿಸಿದ್ದೇನೆ. ನೀರಿನ ತೊಟ್ಟಿ ತೊಳೆದಿರುತ್ತದೆ, ಬೆನ್ನಿನ ಮೇಲೆ ಜೀನು ಉಜ್ಜಿದ ಹುಣ್ಣುಗಳಿಲ್ಲ, ಲಾಳಗಳು ಸಡಿಲವಾಗಿಲ್ಲ. ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚಿನ ಭಾರ ಹೊರಿಸಬಾರದು ಎಂಬುದು ತಿಳಿದವರ ಮಾತು. ಒಮ್ಮೆ ದಪ್ಪನೆಯ ಗೃಹಸ್ಥರೊಬ್ಬರು ಎರಡು ಪಟ್ಟು ಹಣ ಕೊಡುತ್ತೇನೆಂದು ಬಂದಾಗ ಉಸ್ತಾದರು ಕೈಮುಗಿದು ವಾಪಸು ಕಳಿಸಿದ್ದನ್ನು ನಾನೇ ಕಂಡೆ.

ಇನ್ನು ಕೊರತೆಗಳು. ಎಲ್ಲಕ್ಕಿಂತ ದೊಡ್ಡದು ಮದುವೆಯ ಹಂಗಾಮು. ತರಗತಿಯ ಕುದುರೆಗಳೇ ಮೆರವಣಿಗೆಗೂ ಹೋಗುತ್ತವೆ, ಏಕೆಂದರೆ ಲಾಯದ ಹೆಚ್ಚಿನ ಆದಾಯ ಅದರಿಂದಲೇ ಬರುವುದು. ಮೇವು, ಕಡಲೆ, ಲಾಳ, ವೈದ್ಯರ ಖರ್ಚು ನೋಡಿದರೆ 300 ರೂಪಾಯಿಯ ಪಾಠದಿಂದ ಲಾಯ ನಡೆಯುವುದಿಲ್ಲ ಎಂಬುದು ನನಗೂ ಅರ್ಥವಾಗುತ್ತದೆ. ಆದರೂ ಒಳ್ಳೆಯ ಮುಹೂರ್ತವಿದ್ದ ವಾರಗಳಲ್ಲಿ ಹಿಂದಿನ ರಾತ್ರಿ ಫೋನ್ ಮಾಡಿ ತರಗತಿ ರದ್ದು ಎನ್ನುವುದು ಸರಿಯಲ್ಲ. ಆರು ಗಂಟೆಗೆ ತಲುಪಲು ಐದಕ್ಕೆ ಎದ್ದು ಸೈಕಲ್ ತುಳಿದು ಬರುವ ಮಕ್ಕಳಿದ್ದಾರೆ. ಮುಂಗಡ ಕೊಟ್ಟ ಹಣಕ್ಕೆ ಬದಲಿ ತರಗತಿ ಯಾವಾಗ ಎಂದು ಕೇಳಿ ಕೇಳಿ ಪಡೆಯಬೇಕಾಯಿತು. ಅದಕ್ಕಿಂತ ಮನಸ್ಸಿಗೆ ನೋವಾದದ್ದು ಬೇರೊಂದು. ರಾತ್ರಿಯೆಲ್ಲ ಬ್ಯಾಂಡು, ಪಟಾಕಿ, ಬೆಳಕಿನ ನಡುವೆ ನಿಂತು ಬಂದ ಚಾಂದನಿಯನ್ನು ಬೆಳಿಗ್ಗೆ ಲಾಯದ ಕೆಲಸದ ಹುಡುಗ ಪಾಠಕ್ಕೆ ಜೀನು ಕಟ್ಟಿ ತಂದ. ತಲೆ ತಗ್ಗಿತ್ತು, ಹಿಂಗಾಲನ್ನು ಮಡಚಿ ಮಡಚಿ ಬದಲಿಸುತ್ತಿತ್ತು. ನಮ್ಮ ಹುಡುಗಿ ಏರುವುದಿಲ್ಲವೆಂದಳು. ಹಾಗೆ ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು, ಆ ವಾರದ ಒಂದೇ ತರಗತಿಯೂ ಕೈತಪ್ಪುತ್ತಿತ್ತು. ಉಸ್ತಾದರು ಬಂದು ನೋಡಿ ಒಪ್ಪಿದರು. ಮೆರವಣಿಗೆಗೆ ಹೋದ ಕುದುರೆಗೆ ಮರುದಿನ ಪಾಠವಿಲ್ಲ ಎಂಬ ನಿಯಮ ಅಂದಿನಿಂದ ಬಂದಿದೆ, ನಾನು ನೋಡಿದ ಮಟ್ಟಿಗೆ ಅದನ್ನು ಪಾಲಿಸುತ್ತಿದ್ದಾರೆ.

ಅಂಗಳದ ನೆಲವೂ ಸುಧಾರಿಸಬೇಕು. ಬೀದರಿನ ಜಂಬಿಟ್ಟಿಗೆಯ ಕೆಂಪು ನೆಲ ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿ, ಮಳೆ ಬಿದ್ದರೆ ಜಾರುತ್ತದೆ. ಬೀಳುವುದು ಈ ವಿದ್ಯೆಯ ಭಾಗವೇ ಆಗಿರುವುದರಿಂದ ನಾಲ್ಕು ಟ್ರಾಕ್ಟರ್ ಮರಳು ಹಾಕಿಸಿದರೆ ಮಕ್ಕಳಿಗೂ ಕುದುರೆಗಳ ಕಾಲಿಗೂ ಒಳ್ಳೆಯದು. ಹೆಲ್ಮೆಟ್‌ಗಳು ಎರಡೇ ಅಳತೆಯವು. ಅವಳ ತಲೆಗೆ ಚಿಕ್ಕದು ಬಿಗಿ, ದೊಡ್ಡದು ಸಡಿಲ. ಮೋಟರ್‌ಸೈಕಲ್ಲಿನ ಹೆಲ್ಮೆಟ್ ತರಬಹುದೇ ಎಂದು ಕೇಳುವವರಿಗೆ ಹೇಳುವುದಾದರೆ, ಅದು ಭಾರ, ಪಕ್ಕದ ನೋಟ ಮತ್ತು ಕಿವಿ ಎರಡನ್ನೂ ಮುಚ್ಚುತ್ತದೆ, ಬೇಡ. ನಾವು ಕೊನೆಗೆ ಸವಾರಿಯದೇ ಹೆಲ್ಮೆಟ್ ಕೊಂಡೆವು, ನಮ್ಮ ದೊಡ್ಡ ಖರ್ಚು ಅದೊಂದೇ. ಉಳಿದದ್ದಕ್ಕೆ ದುಬಾರಿ ಉಡುಪು ಬೇಕಿಲ್ಲ. ಸ್ವಲ್ಪ ಹಿಮ್ಮಡಿಯಿರುವ ಶಾಲೆಯ ಕರಿ ಬೂಟು ಸಾಕು, ಹಿಮ್ಮಡಿಯಿಲ್ಲದ ಕ್ಯಾನ್ವಾಸ್ ಬೂಟಿನಲ್ಲಿ ಪಾದ ರಿಕಾಪಿನೊಳಗೆ (ಜೀನಿನಿಂದ ಇಳಿಬಿಟ್ಟ, ಕಾಲಿಡುವ ಬಳೆಯೊಳಗೆ) ಪೂರ್ತಿ ನುಗ್ಗಿ ಸಿಕ್ಕಿಕೊಳ್ಳುವ ಅಪಾಯವಿದೆ. ಜೀನ್ಸ್ ಪ್ಯಾಂಟಿನ ದಪ್ಪ ಹೊಲಿಗೆ ತೊಡೆ ಕೆರೆಯುತ್ತದೆ. ಅವಳ ತಂದೆ ಹಳೆಯ ಟ್ರ್ಯಾಕ್ ಪ್ಯಾಂಟಿನ ಒಳಬದಿಗೆ ಮೆತ್ತನೆಯ ಬಟ್ಟೆಯ ಒಂದೇ ತುಂಡು ಹಚ್ಚಿ ಕೊಟ್ಟಿದ್ದಾರೆ. ಓಢಣಿ ಮನೆಯಲ್ಲೇ ಇರಲಿ. ಧನುರ್ವಾತದ ಚುಚ್ಚುಮದ್ದು ಹಾಕಿಸಿಕೊಂಡೇ ಸೇರಿಸಿ. ಹುಡುಗಿಯರಿಗೆ ಶೌಚಾಲಯವಿಲ್ಲ ಎಂಬುದನ್ನು ಮಾತ್ರ ನಾನು ಕ್ಷಮಿಸಲಾರೆ, ಇದನ್ನು ಅವರಿಗೇ ಹೇಳಿದ್ದೇನೆ.

ಶುಲ್ಕ ಪೂರ್ತಿ ಕೊಡಲಾಗದ ಮಕ್ಕಳಿಗೆ ಇಲ್ಲೊಂದು ಏರ್ಪಾಡಿದೆ. ಭಾನುವಾರ ಲಾಯದಲ್ಲಿ ಮೈ ಉಜ್ಜುವುದು, ಜೀನು ಒರೆಸುವುದು, ಹುಲ್ಲು ಹಾಕುವುದು ಮಾಡಿದರೆ ಶುಲ್ಕ ಅರ್ಧವಾಗುತ್ತದೆ. ನಮ್ಮ ಹುಡುಗಿ ಕಲಿಯುತ್ತಿರುವುದು ಹೀಗೆಯೇ. ಕುದುರೆಯ ಬಗ್ಗೆ ಅವಳಿಗೆ ಹೆಚ್ಚು ತಿಳಿದದ್ದು ಭಾನುವಾರಗಳಲ್ಲೇ ಎಂದು ನನಗನ್ನಿಸುತ್ತದೆ. ಕುದುರೆಗೆ ವಾಂತಿ ಮಾಡಲಾಗುವುದಿಲ್ಲ, ಆದ್ದರಿಂದ ಹೊಟ್ಟೆನೋವು ಬಂದರೆ ಪ್ರಾಣಕ್ಕೇ ಕುತ್ತು ಎಂದು ತಿಳಿದ ಮೇಲೆ ಅವಳು ಮೇವಿನಲ್ಲಿ ಬೂಷ್ಟು ಹುಡುಕದೆ ಹಾಕುವುದಿಲ್ಲ. ಆದರೆ ಇಂಥ ಏರ್ಪಾಡಿಗೆ ಎಲ್ಲೆ ಗೊತ್ತುಮಾಡುವುದು ಮನೆಯವರ ಕೆಲಸ. ಭಾನುವಾರ ಮಾತ್ರ, ಭಾರ ಹೊರಿಸುವಂತಿಲ್ಲ, ಪರೀಕ್ಷೆಯ ತಿಂಗಳಲ್ಲಿ ರಜೆ, ದೊಡ್ಡವರೊಬ್ಬರು ಜೊತೆಗಿರಬೇಕು ಎಂದು ನಾನು ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಉಸ್ತಾದರು ಬೇಸರಿಸದೆ ಸಹಿ ಹಾಕಿದರು. ಆಸೆಯಿರುವ ಮಗು ಎಷ್ಟು ಕೆಲಸ ಹೇಳಿದರೂ ಮಾಡುತ್ತದೆ, ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಇಲ್ಲಿಂದ ಸ್ಪರ್ಧೆಗೆ ಹೋಗಬಹುದೆಂದು ಉಸ್ತಾದರು ಎಂದೂ ಹೇಳಿಲ್ಲ, ಹೋಗಲಾಗುವುದೂ ಇಲ್ಲ. ಜಿಗಿತದ ಅಡ್ಡಗಳೂ ಡ್ರೆಸಾಜ್ ಅಂಗಳವೂ ಇಲ್ಲಿಲ್ಲ. ಈ ಪ್ರಾಮಾಣಿಕತೆಗೆ ನಾನು ಬೆಲೆ ಕೊಡುತ್ತೇನೆ. ಹಣವಿಲ್ಲದವರಿಗೆ ಮುಂದಿನ ದಾರಿಗಳು ಬೇರೆ ಇವೆ. ಎನ್‌ಸಿಸಿಯ ರಿಮೌಂಟ್ ಮತ್ತು ವೆಟರ್ನರಿ (ಕುದುರೆ ಸಾಕಣೆ ಮತ್ತು ಪಶುವೈದ್ಯ) ಘಟಕಗಳಲ್ಲಿ ಕೆಡೆಟ್‌ಗಳಿಗೆ ಸವಾರಿ ಕಲಿಸುತ್ತಾರೆ, ಮೈಸೂರಿನಲ್ಲಿ ಪೊಲೀಸರ ಅಶ್ವಾರೋಹಿ ದಳವಿದೆ, ನಮ್ಮ ಬೀದರಿನ ನಂದಿನಗರದಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ವಿಜ್ಞಾನ ಓದುತ್ತಿರುವ ನಮ್ಮ ಹುಡುಗಿ ಈಗ ಸಿಇಟಿಯ ಮಾತಾಡತೊಡಗಿದ್ದಾಳೆ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಮರಳು, ಸರಿಯಾದ ಅಳತೆಯ ಹೆಲ್ಮೆಟ್, ಶೌಚಾಲಯ ಈ ಮೂರು ಬಂದರೆ ನಾಲ್ಕೂವರೆ. ಸೇರಿಸಬೇಕೆನ್ನುವವರು ಮದುವೆಗಳಿಲ್ಲದ ತಿಂಗಳು ನೋಡಿ ಒಂದು ಬೆಳಿಗ್ಗೆ ಹೋಗಿ ಪೂರ್ತಿ ಪಾಠ ನಿಂತು ನೋಡಲಿ. ಮುಂಗಡ ಕೊಡುವಾಗ ಬದಲಿ ತರಗತಿಯ ಮಾತನ್ನು ಚೀಟಿಯಲ್ಲಿ ಬರೆಸಿಕೊಳ್ಳಲಿ. ಅರ್ಧ ಶುಲ್ಕದ ಏರ್ಪಾಡನ್ನು ಅವರು ತಾವಾಗಿ ಹೇಳುವುದಿಲ್ಲ, ಸಂಕೋಚಪಡದೆ ನೀವೇ ಕೇಳಬೇಕು.