ಮುಖದ ಬಣ್ಣ ಮುಟ್ಟದೆ ಫೋಟೋ ತೆಗೆಯೋ ಸ್ಟುಡಿಯೋ, ಸರಸ್ವತಿಪುರಂ (4 ಸ್ಟಾರ್)

ಮಕ್ಕಳಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಿದ್ರೆ ಸರಸ್ವತಿಪುರಂನಲ್ಲಿ ಮೊದಲನೇ ಮಹಡೀಲಿರೋ ಈ ಸ್ಟುಡಿಯೋಗೆ ಧೈರ್ಯವಾಗಿ ಹೋಗಿ, ಯಾಕಂದ್ರೆ ಇಲ್ಲಿ ಮಗು ಯಾವ ಬಣ್ಣ ಇದ್ಯೋ ಅದೇ ಬಣ್ಣದಲ್ಲಿ ಪ್ರಿಂಟ್ ಬರತ್ತೆ. ಇದೇನ್ ಮಹಾ ಅನ್ನಿಸ್ಬಹುದು, ಆದ್ರೆ ಮನೇಲಿರೋ ಹಳೇ ಫೋಟೋ ಒಂದ್ಸಲ ತೆಗೆದು ನೋಡಿ, ನಾವು ಕೇಳದೇ ಇದ್ರೂ ಮುಖಕ್ಕೆ ಸುಣ್ಣ ಬಳಿದ ಹಾಗೆ ಮಾಡಿ ಕೊಟ್ಟಿರೋವು ಎಷ್ಟಿದಾವೆ ಅಂತ.

ಈ ಅಂಗಡಿ ನಮಗೆ ಗೊತ್ತಾಗಿದ್ದು ಮಗಳ ಸ್ಕೂಲಿನ ವಿದ್ಯಾರ್ಥಿ ನಾಯಕಿಯಿಂದ, ಹತ್ತನೇ ಕ್ಲಾಸ್ ಹುಡುಗಿ, ಶಾಲಾ ಸಂಸತ್ತಿನ ಎಲೆಕ್ಷನ್ನಲ್ಲಿ ಗೆದ್ದು ಬಂದೋಳು. ವರ್ಷದ ಶುರುವಲ್ಲಿ ಬೇರೆ ಯಾವ್ದೋ ಸ್ಟುಡಿಯೋದವನು ಸ್ಕೂಲಿಗೇ ಬಂದು ಐಡಿ ಕಾರ್ಡಿಗೆ ಫೋಟೋ ತೆಗೆದು ಎಲ್ಲಾ ಮಕ್ಕಳಿಗೂ ಒಂದೇ ಫಿಲ್ಟರ್ ಹಾಕ್ಬುಟ್ಟಿದ್ದ, ಕಪ್ಪಗಿರೋ ಮಕ್ಕಳೆಲ್ಲ ಬೂದಿ ಬೂದಿ, ನೇಪಾಳದಿಂದ ಬಂದಿರೋ ಮನೆಯ ಹುಡುಗ ಒಬ್ಬ ಇದಾನೆ, ಅವನ ಕಣ್ಣನ್ನೇ ಎಳೆದು ದೊಡ್ಡದು ಮಾಡಿದ್ದ! ಆ ಹುಡುಗನ್ನ ಕ್ಲಾಸಲ್ಲಿ ಮೊದ್ಲಿಂದ್ಲೂ ಚಿಂಕಿ ಅಂತ ಕಾಡ್ತಿದ್ರಂತೆ, ಕಾರ್ಡ್ ಬಂದ್ಮೇಲೆ 'ಈಗ ಸರಿಹೋದೆ ಕಣೋ' ಅಂತ ಶುರು ಮಾಡಿದ್ರು. ಪಾಪ ಅವನು ಕಾರ್ಡ್ ತಿರುಗಿಸಿ ಹಾಕ್ಕೊಂಡು ಬರೋಕೆ ಶುರು ಮಾಡ್ದ, ಟೀಚರ್‌ಗಳು ಅದನ್ನ ಅಶಿಸ್ತು ಅಂದ್ಕೊಂಡು ಬೈದ್ರು, ಯಾಕೆ ಅಂತ ಕೂತು ಕೇಳಿದ್ದು ಈ ಹುಡುಗಿ ಒಬ್ಬಳೇ.

ಆಮೇಲೆ ಅವಳು ಹೆಡ್‌ಮಿಸ್‌ಗೆ ಪತ್ರ ಬರೆದ್ಲು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನಲ್ಲಿ ಮಗುವಿಗೆ ಹೊಡೆಯೋದು ಮಾತ್ರ ಅಲ್ಲ ಮಾನಸಿಕ ಹಿಂಸೆ ಕೊಡೋದೂ ತಪ್ಪು ಅಂತಿದೆ, ಅದನ್ನ ಹಾಕಿದ್ಲು, ಜನಾಂಗ, ಜಾತಿ, ಹುಟ್ಟಿದ ಜಾಗ ಇಂಥದ್ದನ್ನ ನೋಡಿ ಭೇದ ಮಾಡ್ಬಾರ್ದು ಅನ್ನೋ ಸಂವಿಧಾನದ 15ನೇ ವಿಧಿಯನ್ನೂ ಹಾಕಿದ್ಲು. ಕೇಳಿದ್ದು ಇಷ್ಟೇ, ಕಾರ್ಡ್ ಮತ್ತೆ ಮಾಡಿಸ್ಬೇಕು, ಸ್ಕೂಲ್ ಡೇಲಿ ಬೆಳ್ಳಗಿರೋರನ್ನೇ ಆರಿಸಿ ಮುಂದಿನ ಸಾಲಲ್ಲಿ ನಿಲ್ಲಿಸೋದು ನಿಲ್ಬೇಕು, ಕರಿಯ ಚಿಂಕಿ ಅಂತ ಕರೆದ್ರೆ ಟೀಚರ್‌ಗಳು ತಮಾಷೆ ಅಂತ ಬಿಡಬಾರದು. ಮೊದಲು 'ಫೋಟೋ ಚೆನ್ನಾಗೇ ಬಂದಿದ್ಯಲ್ಲಮ್ಮ' ಅಂತ ಸಾಗಹಾಕಿದ್ರಂತೆ, ಅದಕ್ಕೇ ಅವಳು ಅವರಮ್ಮನ ಜೊತೆ ಸ್ಟುಡಿಯೋ ಸ್ಟುಡಿಯೋ ಅಲೆದು ಬಣ್ಣ ಬದಲಾಯಿಸದೆ ತೆಗೀತೀರಾ ಅಂತ ಕೇಳಿದಾಳೆ, ಪೂರ್ತಿ ಕೇಳಿಸ್ಕೊಂಡೋರು ಇಲ್ಲಿಯ ಓನರ್ರು.

ಅವರು ನಮಗೂ ಬಿಡಿಸಿ ಹೇಳಿದ್ರು. ಹಿಂದೆ ಬಿಳೀ ಪರದೆ ಇದ್ರೆ ಆಟೋ ಮೋಡ್‌ನಲ್ಲಿರೋ ಕ್ಯಾಮೆರಾ ಬೆಳಕು ಜಾಸ್ತಿ ಆಯ್ತು ಅಂದ್ಕೊಂಡು ಕಮ್ಮಿ ಮಾಡತ್ತೆ, ಕಪ್ಪಗಿರೋ ಮುಖ ಇನ್ನೂ ಕಪ್ಪಾಗಿ ಕಣ್ಣು ಮೂಗು ಸರಿಯಾಗಿ ಕಾಣಲ್ಲ, ಆಮೇಲೆ ಕಂಪ್ಯೂಟರಲ್ಲಿ ಒಂದೇ ಸಮ ಬೆಳ್ಳಗೆ ಮಾಡಿದ್ರೆ ಜೀವ ಇಲ್ಲದ ಬೂದಿ ಬಣ್ಣ. ಇವರು ಪರದೆಗೇ ಬೇರೆ ಲೈಟ್ ಕೊಟ್ಟು, ಎಕ್ಸ್‌ಪೋಷರ್ ಅಂದ್ರೆ ಕ್ಯಾಮೆರಾ ಒಳಗೆ ಎಷ್ಟು ಬೆಳಕು ಬಿಡ್ಬೇಕು ಅನ್ನೋದನ್ನ ಮುಖ ನೋಡಿ ಕೈಯಲ್ಲೇ ಸೆಟ್ ಮಾಡಿ, ಗಲ್ಲದ ಕೆಳಗೆ ಬೆಳಕು ಬೀಳೋಕೆ ಥರ್ಮಾಕೋಲ್ ಹಿಡೀತಾರೆ. ರೀಲ್ ಕಾಲದಲ್ಲಿ ಕೊಡಾಕ್ ಕಂಪನಿಯವರು ಲ್ಯಾಬ್‌ಗಳಿಗೆ ಶರ್ಲಿ ಕಾರ್ಡ್ ಅಂತ ಕಳಿಸ್ತಿದ್ರಂತೆ, ಅದ್ರಲ್ಲಿ ಇರ್ತಿದ್ದದ್ದು ಬಿಳೀ ಹೆಂಗಸಿನ ಫೋಟೋ, ಅವಳ ಚರ್ಮ ಸರಿಯಾಗಿ ಬಂದ್ರೆ ಪ್ರಿಂಟ್ ಸರಿ ಅನ್ನೋ ಲೆಕ್ಕ. ಹುಡುಗಿ ಇದನ್ನ ಪ್ರೇಯರ್ ಟೈಮಲ್ಲಿ ಇಡೀ ಸ್ಕೂಲಿಗೆ ಹೇಳಿದ್ಲು, ಪಾಸ್‌ಪೋರ್ಟ್ ಫೋಟೋದ ಅಂತಾರಾಷ್ಟ್ರೀಯ ನಿಯಮದಲ್ಲೇ ಚರ್ಮದ ಬಣ್ಣ ಸಹಜವಾಗಿ ಕಾಣ್ಬೇಕು ಅಂತಿದೆ ಅನ್ನೋದನ್ನೂ ಸೇರಿಸಿ. ಕೊನೆಗೆ ಸ್ಕೂಲಿನವರು ಒಪ್ಕೊಂಡು ಎಲ್ಲರ ಕಾರ್ಡೂ ಇಲ್ಲೇ ಮತ್ತೆ ಮಾಡಿಸಿದ್ರು. ಮುಂದಿನ ಸಾಲಿನ ವಿಷಯ ಇನ್ನೂ ಜಗ್ಗಾಡ್ತಿದಾರೆ, ಅವಳೂ ಬಿಟ್ಟಿಲ್ಲ.

ನನ್ನ ಮಗಳದ್ದು ಎಣ್ಣೆಗಪ್ಪು ಬಣ್ಣ. ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಾಯಿಸ್ಕೊಂಡು ಗ್ಲೋ ಅಂಡ್ ಲವ್ಲಿ ಆದ್ರೂ ನೆಂಟರ ಬಾಯಲ್ಲಿ ಹಳೇ ಹೆಸರೇ, ಹಚ್ಚು ಹಚ್ಚು ಅಂತ ಅವಳ ಪ್ರಾಣ ತಿಂತಾರೆ. ಇಲ್ಲಿಯ ಪ್ರಿಂಟಲ್ಲಿ ಅವಳ ಕೆನ್ನೆ ಹೊಳಪು, ಹುಬ್ಬಿನ ಮೇಲಿನ ಸಣ್ಣ ಮಚ್ಚೆ ಎಲ್ಲಾ ಹಾಗಾಗೇ ಇದೆ, ಅವಳು ಒಂದು ಕಾಪಿ ಕೇಳಿ ಇಸ್ಕೊಂಡು ಪರ್ಸಲ್ಲಿ ಇಟ್ಕೊಂಡಿದಾಳೆ.

8 ಕಾಪಿಗೆ 120 ರೂಪಾಯಿ ತಗೊಂಡ್ರು, ಬೇರೆ ಕಡೆಗಿಂತ ಸ್ವಲ್ಪ ಜಾಸ್ತಿನೇ, ಆದ್ರೆ ಪ್ರಿಂಟ್ ಹಾಕೋಕೆ ಮುಂಚೆ ಸ್ಕ್ರೀನಲ್ಲಿ ಮಗುವಿಗೇ ತೋರಿಸಿ ಇದು ಓಕೆನಾ ಪುಟ್ಟಿ ಅಂತ ಕೇಳ್ತಾರೆ. ಮೆಟ್ಲು ಕಡಿದಾಗಿದೆ, ವಯಸ್ಸಾದೋರಿಗೆ ಕಷ್ಟ. ಸಂಜೆ ಹೊತ್ತು ಗಾಡಿ ನಿಲ್ಲಿಸೋಕೆ ಜಾಗ ಇಲ್ಲ.

ಒಂದು ಸ್ಟಾರ್ ಕಮ್ಮಿ ಮಾಡಿರೋದು ಇದಕ್ಕಲ್ಲ. ಗಂಡಿನ ಕಡೆಯವರಿಗೆ ಕಳಿಸೋ ಹುಡುಗೀರ ಫೋಟೋನ ಮನೆಯವರು ಬೆಳ್ಳಗೆ ಮಾಡಿ ಅಂದ್ರೆ ಇವರು ಈಗ್ಲೂ ಮಾಡಿ ಕೊಡ್ತಾರೆ. ಕೇಳಿದ್ದಕ್ಕೆ ಇಲ್ಲ ಅಂದ್ರೆ ಪಕ್ಕದಂಗಡಿಗೆ ಹೋಗ್ತಾರೆ ಮೇಡಂ, ಬಾಡಿಗೆ ಕಟ್ಬೇಕಲ್ಲ ಅಂದ್ರು. ಅವರ ಕಷ್ಟ ನನಗೂ ಅರ್ಥ ಆಗತ್ತೆ, ಆದ್ರೂ ಇಷ್ಟೆಲ್ಲ ತಿಳಿದಿರೋರು ಅದನ್ನೂ ನಿಲ್ಲಿಸ್ಬೇಕು ಅಂತ ಮುಖದ ಮೇಲೇ ಹೇಳಿ ಬಂದಿದೀನಿ, ಇಲ್ಲೂ ಬರೀತಿದೀನಿ. ಮಕ್ಕಳ ಫೋಟೋಗೆ ಹೋಗೋರು ಜೂನ್‌ಗೆ ಮುಂಚೆ ಹೋಗಿ, ಸ್ಕೂಲ್ ಶುರುವಾದ್ಮೇಲೆ ತುಂಬಾ ಕಾಯ್ಬೇಕಾಗತ್ತೆ.