‘ಡ್ಯೂನ್’ ಓದಿ ಮುಗಿಸಿದವರು 1984ರ ಸಿನಿಮಾ ಹಾಕುವ ಮುಂಚೆ ಇದನ್ನೊಮ್ಮೆ ನೋಡಿ

ಮೈಸೂರಿನ ಹಾಸ್ಟೆಲುಗಳಲ್ಲಿ, ಓದುಗರ ಕೂಟಗಳಲ್ಲಿ ಫ್ರಾಂಕ್ ಹರ್ಬರ್ಟ್‌ನ ವೈಜ್ಞಾನಿಕ ಕಾದಂಬರಿ ‘ಡ್ಯೂನ್’ (1965) ಈಗ ಕೈಯಿಂದ ಕೈಗೆ ಓಡಾಡುತ್ತಿದೆ. ಓದಿದ ಬಿಸಿಯಲ್ಲೇ ಯಾರೋ ಪ್ರೊಜೆಕ್ಟರ್ ತಂದು, ಹಳೇದನ್ನೇ ಮೊದಲು ನೋಡೋಣ ಅಂತ ಡೇವಿಡ್ ಲಿಂಚ್‌ನ 1984ರ ಚಿತ್ರ ಹಾಕುತ್ತಾರೆ. ಸರಸ್ವತಿಪುರಂ ಕಡೆಯ ಒಂದು ಕೂಟದಲ್ಲಿ ಹಾಗೆ ಹಾಕಿದಾಗ, ಪುಸ್ತಕ ಓದದವರು ಅರ್ಧ ಗಂಟೆಗೇ ಮೊಬೈಲ್ ತೆಗೆದರು. ಓದಿದವರು ಕೊನೆಯವರೆಗೂ ಕೂತು ಸಿಟ್ಟಾಗಿ ಎದ್ದರು. ಎಲ್ಲಿ ಏನು ಕೆಟ್ಟಿದೆ ಅಂತ ಇಲ್ಲಿದೆ. ಕಥೆಯ ಕೊನೆಯೂ ಬರುತ್ತದೆ; ಓದದವರು ಇಲ್ಲೇ ನಿಲ್ಲಿಸಿ.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಕೊನೆಯ ಮಳೆ. ಚಕ್ರವರ್ತಿ ಸೋತ ಮೇಲೆ, ನಿಂತ ನಿಲುವಿನಲ್ಲೇ ಕಥಾನಾಯಕ ಪಾಲ್, ಬರೀ ಮರುಭೂಮಿಯಾದ ಅರಾಕಿಸ್ ಗ್ರಹದ ಮೇಲೆ ಮಳೆ ಸುರಿಸುತ್ತಾನೆ. ಪುಸ್ತಕದಲ್ಲಿ ಇದು ಇಲ್ಲ, ಇರಲು ಸಾಧ್ಯವೂ ಇಲ್ಲ. ಅಲ್ಲಿ ನೀರು ದೈತ್ಯ ಮರಳುಹುಳುವಿಗೆ ವಿಷ. ಹುಳು ಸತ್ತರೆ ಸ್ಪೈಸ್ ಎಂಬ ಮಾದಕ ವಸ್ತು ಹುಟ್ಟುವುದಿಲ್ಲ. ಸ್ಪೈಸ್ ಇಲ್ಲದಿದ್ದರೆ ಗಿಲ್ಡ್‌ನ (ಬಾಹ್ಯಾಕಾಶ ಸಾರಿಗೆ ಸಂಘದ) ನಾವಿಕರಿಗೆ ದಾರಿ ಕಾಣುವುದಿಲ್ಲ, ಗ್ರಹಗಳ ನಡುವಿನ ಓಡಾಟವೇ ನಿಲ್ಲುತ್ತದೆ. ಪಾಲ್ ಗಿಲ್ಡನ್ನೂ ಚಕ್ರವರ್ತಿಯನ್ನೂ ಮಣಿಸುವುದೇ ‘ಸ್ಪೈಸ್ ನಾಶ ಮಾಡಿಬಿಡುತ್ತೇನೆ’ ಎಂಬ ಬೆದರಿಕೆಯಿಂದ. ಗೆದ್ದ ಗಳಿಗೆಯಲ್ಲೇ ಮಳೆ ತರಿಸಿದರೆ ಆ ಬೆದರಿಕೆಗೆ ಉಳಿಯುವ ಬೆಲೆ ಏನು? ಪುಸ್ತಕದ ಪಾಲ್, ಹರಿಯುವ ನೀರು ಬರುತ್ತದೆ, ಆದರೆ ಸ್ಪೈಸ್‌ಗಾಗಿ ಮರುಭೂಮಿಯೂ ಇದ್ದೇ ಇರುತ್ತದೆ ಅಂತ ಬಿಡಿಸಿ ಹೇಳುತ್ತಾನೆ.

ಮಂಡ್ಯ ಕಡೆಯವರಿಗೆ ಇದು ಇನ್ನೂ ಚುಚ್ಚುತ್ತದೆ. ಕಟ್ಟೆಯಲ್ಲಿ ಎಷ್ಟು ಅಡಿ, ಒಳಹರಿವು ಎಷ್ಟು ಕ್ಯುಸೆಕ್ ಅಂತ ದಿನಾ ಪೇಪರಿನಲ್ಲಿ ನೋಡುವವರಿಗೆ ಈ ಕಾದಂಬರಿ ಒಲಿಯುವುದೇ ನೀರಿನ ಲೆಕ್ಕದಿಂದ. ಹರ್ಬರ್ಟ್ ಲೆಕ್ಕ ಬಿಡುವ ಆಸಾಮಿಯಲ್ಲ. ಪಾಲ್ ಜೊತೆ ಕಾದಾಡಿ ಸತ್ತ ಜಾಮಿಸ್‌ನ ದೇಹದಿಂದ ತೆಗೆದ ನೀರು 33 ಲೀಟರ್ ಚಿಲ್ಲರೆ. ಫ್ರೆಮೆನ್ ಎಂಬ ಮರುಭೂಮಿಯ ಜನ ಒಂದು ಗುಹೆಯಲ್ಲಿ ಕೂಡಿಟ್ಟಿರುವುದು 3.8 ಕೋಟಿ ಡೆಕಾಲೀಟರ್‌ಗಿಂತ ತುಸು ಹೆಚ್ಚು, ಅಂದರೆ 38 ಕೋಟಿ ಲೀಟರ್. ಒಂದು ಟಿಎಂಸಿಗೆ ಸುಮಾರು 2,830 ಕೋಟಿ ಲೀಟರ್. ನಮ್ಮ ಕೆಆರ್‌ಎಸ್ 124.80 ಅಡಿ ತುಂಬಿದಾಗ ಹಿಡಿಯುವುದು ಸುಮಾರು 49 ಟಿಎಂಸಿ. ಅವರು ಹೆಣದ ನೀರನ್ನೂ ಬಿಡದೆ ಕೂಡಿಟ್ಟ ಆ ಕೊಳ ಒಂದೇ ಒಂದು ಟಿಎಂಸಿಯಲ್ಲಿ ಎಪ್ಪತ್ತನೇ ಒಂದು ಪಾಲೂ ಆಗುವುದಿಲ್ಲ! ಅದಕ್ಕೇ ಗ್ರಹವನ್ನು ಹಸಿರು ಮಾಡಲು ಆ ಗ್ರಹದ ಪರಿಸರ ವಿಜ್ಞಾನಿ ಪಾರ್ಡಾಟ್ ಕೈನ್ಸ್ ಹೇಳುವ ಅವಧಿ 300ರಿಂದ 500 ವರ್ಷ. ಸಿನಿಮಾದಲ್ಲಿ ಅಷ್ಟೂ ವರ್ಷ ಒಂದು ಗುಡುಗಿಗೆ ಮುಗಿಯುತ್ತದೆ, ಪಾಲ್ ದೇವರಾಗುತ್ತಾನೆ. ಅವನನ್ನು ದೇವರು ಮಾಡಿಕೊಂಡ ಜನರ ಬಗ್ಗೆ ಹರ್ಬರ್ಟ್‌ಗಿದ್ದ ಭಯ ಸಿನಿಮಾದಲ್ಲಿ ಹುಡುಕಿದರೂ ಸಿಗದು.

ಎರಡನೆಯದು ಸದ್ದಿನ ಬಂದೂಕು. ಪುಸ್ತಕದಲ್ಲಿ ಪಾಲ್ ಫ್ರೆಮೆನ್‌ಗಳಿಗೆ ಕಲಿಸುವುದು ತಾಯಿ ಜೆಸಿಕಾಳಿಂದ ಬಂದ ಮೈಪಳಗಿಸುವ ಯುದ್ಧವಿದ್ಯೆ. ಸಿನಿಮಾದಲ್ಲಿ ಅದು ಕೂಗಿದರೆ ಗೋಡೆ ಒಡೆಯುವ ಯಂತ್ರ. ಪುಸ್ತಕದ ಲೋಕದಲ್ಲಿ ಮೈಗೆ ಶೀಲ್ಡ್ (ಶಕ್ತಿಯ ರಕ್ಷಾಕವಚ) ಇದ್ದರೆ ವೇಗದ ಗುಂಡು ನಾಟುವುದಿಲ್ಲ, ನಿಧಾನದ ಚಾಕು ಮಾತ್ರ ನಾಟುತ್ತದೆ. ಮರಳಿನಲ್ಲಿ ಶೀಲ್ಡ್ ಹಾಕಿದರೆ ಹುಳು ಕೆರಳಿ ಬರುತ್ತದೆ. ಈ ಎರಡು ನಿಯಮಗಳಿಂದಲೇ ಆ ಲೋಕದಲ್ಲಿ ಕತ್ತಿ, ಚಾಕುಗಳಿಗೆ ಬೆಲೆ. ಯಂತ್ರ ಬಂದ ಕೂಡಲೇ ಆ ಕಟ್ಟಡ ಅಲುಗುತ್ತದೆ.

ಇದಕ್ಕೆಲ್ಲ ಲಿಂಚ್ ಒಬ್ಬನನ್ನೇ ಬೈಯುವುದು ಸರಿಯಲ್ಲ. ಕೊನೆಯ ಕತ್ತರಿ ಅವನ ಕೈಯಲ್ಲಿರಲಿಲ್ಲ. ಥಿಯೇಟರಿಗೆ ಬಂದದ್ದು 137 ನಿಮಿಷ. ಹೊತ್ತು ಉಳಿಸಲು ಪಾತ್ರಗಳ ಮನಸ್ಸಿನ ಮಾತನ್ನೆಲ್ಲ ಪಿಸುದನಿಯಲ್ಲಿ ಕೇಳಿಸಿದರು; ಎರಡು ವರ್ಷದ ಯುದ್ಧ, ಪಾಲ್ ಮತ್ತು ಫ್ರೆಮೆನ್ ಹುಡುಗಿ ಚಾನಿಯ ಪ್ರೀತಿ ಎಲ್ಲ ನಿರೂಪಣೆಯ ಒಂದೆರಡು ಸಾಲಿಗೆ ಇಳಿದವು. ಅಮೆರಿಕದ ಕೆಲವು ಥಿಯೇಟರುಗಳಲ್ಲಿ ಪದಗಳ ಅರ್ಥ ಅಚ್ಚು ಹಾಕಿಸಿ ಪ್ರೇಕ್ಷಕರಿಗೆ ಹಂಚಿದ್ದರು ಅಂದರೆ ಗೊಂದಲ ಊಹಿಸಿ.

ಇದಕ್ಕಿಂತ ಕೆಟ್ಟದ್ದು ಟಿವಿಗಾಗಿ ಮಾಡಿದ ಮೂರು ಗಂಟೆ ಮೀರಿದ ಪ್ರತಿ. ‘ಉದ್ದ ಇದೆ, ಪೂರ್ತಿ ಕಥೆ ಇರಬೇಕು’ ಅಂತ ಮೋಸ ಹೋಗಬೇಡಿ. ಗುರುತು ಹಿಡಿಯುವುದು ಸುಲಭ: ರಾಜಕುಮಾರಿ ಇರುಲಾನ್‌ಳ ಮುಖದಿಂದ ಶುರುವಾದರೆ ಥಿಯೇಟರ್ ಪ್ರತಿ. ಬಣ್ಣದ ಚಿತ್ರಗಳು, ಗಂಡಸಿನ ನಿರೂಪಣೆ, ನಿರ್ದೇಶಕನ ಜಾಗದಲ್ಲಿ ‘ಅಲನ್ ಸ್ಮಿಥಿ’ ಎಂಬ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ. ಲಿಂಚ್ ತನ್ನ ಹೆಸರು ತೆಗೆಸಿಬಿಟ್ಟ ಪ್ರತಿ ಅದು. ಅದರಲ್ಲಿ ತೋರಿಸಿದ ಶಾಟ್‌ಗಳೇ ಮತ್ತೆ ಬರುತ್ತವೆ, ಸ್ಪೈಸ್‌ನಿಂದ ನೀಲಿಯಾಗಿರಬೇಕಾದ ಫ್ರೆಮೆನ್‌ಗಳ ಕಣ್ಣಿಗೆ ಕೆಲವು ಕಡೆ ನೀಲಿಯೇ ಇಲ್ಲ.

ಸೆಟ್‌ಗಳು, ತೊಟ್ಟಿಯೊಳಗಿನ ಗಿಲ್ಡ್ ನಾವಿಕ, ಟೋಟೋ ತಂಡದ ಸಂಗೀತ ಚೆನ್ನಾಗಿವೆ. ಅಷ್ಟಕ್ಕಾಗಿ ನೋಡುವವರು 137 ನಿಮಿಷದ್ದನ್ನು ಒಬ್ಬರೇ ನೋಡಿಕೊಳ್ಳಿ.

ಕೂಟಕ್ಕೆ ತೋರಿಸುವುದಾದರೆ ಡೆನಿ ವಿಲ್‌ನವ್‌ನ 2021 ಮತ್ತು 2024ರ ಚಿತ್ರಗಳೇ ವಾಸಿ. 155 ಮತ್ತು 166 ನಿಮಿಷ, ಎರಡು ಭಾನುವಾರಕ್ಕೆ ಹಂಚಿಕೊಳ್ಳಿ. ಜಾಮಿಸ್‌ನ ಜೊತೆಗಿನ ಕಾಳಗದವರೆಗೆ ಓದಿಸಿ ಮೊದಲನೆಯದನ್ನು ಹಾಕಿ, ಅದು ನಿಲ್ಲುವುದು ಅಲ್ಲಿಗೇ. ಎರಡನೆಯದರಲ್ಲಿ ಮರಿಹುಳುವನ್ನು ನೀರಿನಲ್ಲಿ ಮುಳುಗಿಸಿ ಕೊಲ್ಲುವ ದೃಶ್ಯವಿದೆ, ನೀರಿನ ವಿಷದ ಲೆಕ್ಕ ಅಲ್ಲಿ ತಪ್ಪಿಲ್ಲ. ಆದರೆ ಅರಾಕೀನ್ ನಗರದ ಔತಣದ ಅಧ್ಯಾಯ ಎರಡರಲ್ಲೂ ಇಲ್ಲ. ಪುಸ್ತಕದಲ್ಲಿ ವೈರಿ ಬ್ಯಾರನ್‌ನನ್ನು ಕೊಲ್ಲುವ ಪಾಲ್‌ನ ಪುಟಾಣಿ ತಂಗಿ ಆಲಿಯಾ ಇಲ್ಲಿ ಹುಟ್ಟಿಯೇ ಇರುವುದಿಲ್ಲ, ಏಕೆಂದರೆ ಎರಡು ವರ್ಷ ದಾಟುವ ಕಥೆಯನ್ನು ಒಂಬತ್ತು ತಿಂಗಳೊಳಗೆ ಅಡಕಿದ್ದಾರೆ. ಇದನ್ನು ಮೊದಲೇ ಹೇಳಿ ಕೂರಿಸಿ.