ಹಳೇ 407ಗೆ ಸಿಐ-4 ಪ್ಲಸ್ 15ಡಬ್ಲ್ಯೂ-40 ಆಯಿಲ್: ನಾಲ್ಕು ವರ್ಷ ಓಡಿಸಿದ ಮೇಲೆ ಬರೀತಿರೋದು

ಹೊಸ ಆಯಿಲ್ ಹಾಕ್ಸಿ ಎರಡು ದಿನಕ್ಕೇ ಕಪ್ಪಗಾಗೋಯ್ತು, ಇದು ದಂಡ ಆಯಿಲ್ ಅಂತ ಬೈಯೋರು ದಯವಿಟ್ಟು ಪೂರ್ತಿ ಓದಿ. ನಂದು 2007ರ ಟಾಟಾ 407, ಟರ್ಬೊ ಇಂಜಿನ್. ಕೋಲಾರ ಎಪಿಎಂಸಿ ಯಾರ್ಡಿಂದ ಟೊಮೆಟೊ, ಸೀಜನ್ ಬಂದ್ರೆ ಶ್ರೀನಿವಾಸಪುರದ ಮಾವು, ಎರಡೂ ಇಲ್ದಾಗ ಗೊಬ್ಬರ, ಇಟ್ಟಿಗೆ, ಏನ್ ಸಿಕ್ರೆ ಅದು. ನಾಲ್ಕು ವರ್ಷದಿಂದ ಒಂದೇ ಆಯಿಲ್ ಹಾಕ್ತಿದೀನಿ, 15ಡಬ್ಲ್ಯೂ-40, ಕ್ಯಾನ್ ಮೇಲೆ ಸಿಐ-4 ಪ್ಲಸ್ ಅಂತ ಬರ್ದಿರೋದು. ಕಂಪನಿ ಹೆಸರು ಬೇಕಂತಲೇ ಹಾಕಿಲ್ಲ. 15ಡಬ್ಲ್ಯೂ-40 ಸರ್ವೋದಲ್ಲೂ ಐತೆ, ಕ್ಯಾಸ್ಟ್ರಾಲಲ್ಲೂ ಐತೆ, ಗಲ್ಫು, ಮ್ಯಾಕು, ಎಚ್‌ಪಿ, ಶೆಲ್ಲು ಎಲ್ಲರ ಹತ್ರನೂ ಐತೆ, ಅಂಗಡೀಲಿ ಹೆಸರು ಕೇಳಿ ತಗೊಂಡು ಬರೋ ಬದ್ಲು ಕ್ಯಾನ್ ತಿರುಗಿಸಿ ಆ ಅಕ್ಷರ ಓದಿ ತಗೊಳ್ಳಿ.

ಆ ಅಕ್ಷರ ಅಂದ್ರೆ ಆಯಿಲಿನ ಗುಣಮಟ್ಟದ ದರ್ಜೆ, ಅದರ ವಿಷ್ಯ ಬೇಗ ಮುಗಿಸ್ತೀನಿ. ಸಿ ಇಂದ ಶುರುವಾದ್ರೆ ಡೀಸೆಲ್ ಇಂಜಿನ್ನಿಗೆ, ಎಸ್ ಇಂದ ಶುರುವಾದ್ರೆ ಪೆಟ್ರೋಲಿಗೆ. ಸಿಎಫ್-4 ಬಂದಿದ್ದು 1990ರಲ್ಲಿ, ಸಿಎಚ್-4 1998ರಲ್ಲಿ, ಸಿಐ-4 2002ರಲ್ಲಿ, ಸಿಕೆ-4 2016ರ ಕೊನೇಲಿ. ಆಮೇಲೆ ಬಂದಿದ್ದನ್ನ ಹಳೇ ಗಾಡಿಗೆ ಹಾಕ್ಬೋದು, ಹಳೇದನ್ನ ಹೊಸ ಗಾಡಿಗೆ ಹಾಕಬಾರ್ದು. ಸಿಐ-4 ಪ್ಲಸ್ಸಲ್ಲಿ ವಿಶೇಷ ಏನು ಅಂದ್ರೆ ಡೀಸೆಲ್ ಉರಿದಾಗ ಹುಟ್ಟೋ ಮಸೀನ ಗಂಟು ಕಟ್ಟೋಕೆ ಬಿಡದೆ ಆಯಿಲಲ್ಲೇ ತೇಲಿಸ್ಕೊಂಡು ಇಟ್ಕೊಳ್ತದೆ, ಆಯಿಲ್ ಬಿಚ್ಚಿದಾಗ ಆ ಮಸಿನೂ ಜೊತೇಲೇ ಆಚೆ ಬರ್ತದೆ. ಅದಕ್ಕೇ ಕಪ್ಪಗಾಗೋದು. ಮಸಿ ಆಯಿಲಲ್ಲಿ ಇದ್ರೆ ಆಯಿಲ್ ಕಪ್ಪು, ಆಯಿಲಲ್ಲಿ ಇಲ್ಲ ಅಂದ್ರೆ ಅದು ಇಂಜಿನ್ ಒಳಗಡೆ ಎಲ್ಲೋ ಮೆತ್ಕೊಂಡು ಕೂತೈತೆ ಅಂತ ಅರ್ಥ. ಡೀಸೆಲ್ ಗಾಡೀಲಿ ತಿಂಗಳಾದ್ರೂ ಆಯಿಲ್ ಜೇನು ಬಣ್ಣದಲ್ಲೇ ಇದ್ರೆ ನನಗೆ ಭಯ ಆಗ್ತದೆ.

ನಮ್ ಕಡೆ ಗ್ಯಾರೇಜ್ ಮೇಸ್ತ್ರಿಗಳು ಎಲ್ಲಾರೂ ಒಂದೇ ಮಾತು ಹೇಳ್ತಾರೆ, "ಗಾಡಿ ಹಳೇದಾಯ್ತಲ್ಲಣ್ಣ, 20-50 ಹಾಕ್ಬಿಡು, ಗಟ್ಟಿ ಇರ್ತದೆ, ಹೊಗೆ ನಿಲ್ತದೆ." 20-50 ಅಂದ್ರೆ 20ಡಬ್ಲ್ಯೂ-50, ಕೊನೇ ನಂಬರ್ ಬಿಸೀಲಿ ಆಯಿಲ್ ಎಷ್ಟು ಮಂದ ಅಂತ ಹೇಳೋದು. ನೂರು ಡಿಗ್ರಿ ಬಿಸೀಲಿ 40 ಅನ್ನೋ ಆಯಿಲಿನ ಮಂದ 12.5 ಇಂದ 16.3 ಸೆಂಟಿಸ್ಟೋಕ್ಸ್ (ಮಂದ ಅಳೆಯೋ ಲೆಕ್ಕ) ಒಳಗೆ ಇರ್ಬೇಕು, 50ದು 16.3ಕ್ಕಿಂತ ಮೇಲೆ 21.9 ತನಕ. ಹಂಗಾಗಿ ಬಿಸೀಲಿ 50 ಮಂದ ಇರೋದು ನಿಜ, ಬೋರ್ (ಪಿಸ್ಟನ್ ಓಡಾಡೋ ಸಿಲಿಂಡರ್ ಗೋಡೆ) ಸವೆದಿರೋ ಗಾಡೀಲಿ ಸ್ವಲ್ಪ ದಿನ ಸದ್ದೂ ಕಮ್ಮಿ ಆಗ್ತದೆ. ಆದ್ರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಅಷ್ಟು ಮಂದ ಆಯಿಲ್ ಟರ್ಬೊ ಬುಷ್ ತನಕ ಏರೋದು ತಡ, ಆ ಹೊತ್ತಲ್ಲಿ ಅದು ಒಣಗೇ ತಿರುಗ್ತಿರ್ತದೆ. ಡಬ್ಲ್ಯೂಗೆ ಮೊದಲು ಬರೋ ನಂಬರ್ ಚಳಿಗೆ ಸಂಬಂಧಪಟ್ಟಿದ್ದು, 15ಡಬ್ಲ್ಯೂನ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಟೆಸ್ಟ್ ಮಾಡ್ತಾರೆ, ಕೋಲಾರದಲ್ಲಿ ಡಿಸೆಂಬರ್ ಬೆಳಗ್ಗೆ ಎಷ್ಟೇ ನಡುಗಿದ್ರೂ ಅದರ ಹತ್ರಕ್ಕೂ ಹೋಗಲ್ಲ ಬಿಡಿ. ಗಾಡಿ ಬುಕ್ಕಲ್ಲಿ 15ಡಬ್ಲ್ಯೂ-40 ಅಂತ ಇದ್ರೆ ಅದೇ ಹಾಕಿ, ಗಾಡಿಗೆ ವಯಸ್ಸಾಯ್ತು ಅಂತ ಗ್ರೇಡ್ ಬದಲಾಯಿಸ್ಬೇಡಿ.

ದಿನದ ಕೆಲ್ಸ ಹೇಳ್ತೀನಿ, ಇದು ನನಗೆ ತುಂಬಾ ಇಷ್ಟ. ರಾತ್ರಿ ಗಾಡೀನ ಮನೆ ಮುಂದೆ ಸಮತಟ್ಟಾಗಿರೋ ಕಡೆನೇ ನಿಲ್ಲಿಸ್ತೀನಿ, ಇಳಿಜಾರಲ್ಲಿ ನಿಂತ್ರೆ ಕಡ್ಡಿ ಸುಳ್ಳು ಹೇಳ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆಯೋಕೆ ಮುಂಚೆ ಆಯಿಲ್ ಕಡ್ಡಿ ಎಳ್ದು ಬನಿಯನ್ ವೇಸ್ಟಲ್ಲಿ ಒರೆಸಿ, ಮತ್ತೆ ಪೂರ್ತಿ ತಳ ಮುಟ್ಟೋಂಗೆ ಬಿಟ್ಟು ಎಳ್ದು ನೋಡೋದು. ಗೆರೆ ನೋಡಿದ ಮೇಲೆ ಒಂದು ತೊಟ್ಟು ಹೆಬ್ಬೆರಳು ತೋರುಬೆರಳ ಮಧ್ಯ ಇಟ್ಟು ಉಜ್ಜಿ ನೋಡ್ತೀನಿ, ಮರಳು ಥರ ಏನಾದ್ರೂ ಸಿಕ್ತಾ ಅಂತ, ಆಮೇಲೆ ಮೂಗಿನ ಹತ್ರ ಹಿಡೀತೀನಿ, ಡೀಸೆಲ್ ವಾಸನೆ ಹೊಡೆದ್ರೆ ಇಂಜೆಕ್ಟರ್ ಸೋರ್ತಿದೆ ಅಂತ. ಗೆರೆ ಕೆಳಗಿಳಿಯೋದು ಎಲ್ಲಾರಿಗೂ ಗೊತ್ತು, ಮೇಲೇರಿದ್ರೆ ಅದು ಇನ್ನೂ ಕೆಟ್ಟದ್ದು, ಡೀಸೆಲ್ಲೋ ನೀರೋ ಸೇರ್ತಾ ಐತೆ ಅಂತ ತಿಳ್ಕೊಳ್ಳಿ. ಇಷ್ಟಕ್ಕೆ ಎರಡು ನಿಮಿಷ ಹಿಡಿಯಲ್ಲ. ಸಂಜೆ ಯಾರ್ಡಿಗೆ ಬಂದು ನಿಂತಾಗಲೂ ಹಂಗೇ, ಕೀ ತಕ್ಷಣ ತಿರುಗಿಸಲ್ಲ, ಹಮಾಲಿಗಳು ಟಾರ್ಪಾಲ್ ಹಗ್ಗ ಬಿಚ್ಚೋ ತನಕ ಸ್ಲೋನಲ್ಲಿ ಬಿಟ್ಟಿರ್ತೀನಿ. ಟರ್ಬೊ ಕೆಂಪಗೆ ಕಾದಿರೋವಾಗ ಆಫ್ ಮಾಡಿದ್ರೆ ಅದರೊಳಗೆ ನಿಂತ ಆಯಿಲ್ ಸುಟ್ಟು ಕರಕಲಾಗಿ ಬುಷ್ಷಿಗೆ ಅಂಟ್ಕೊಳ್ತದೆ, ಅದಕ್ಕೆ ಎಷ್ಟು ಒಳ್ಳೇ ಆಯಿಲ್ ಇದ್ರೂ ಪ್ರಯೋಜನ ಇಲ್ಲ.

ಈ ಆಯಿಲಿಗೆ ಮುಂಚೆ ಡ್ರಮ್ಮಿನ ಲೂಸ್ ಆಯಿಲ್ ಹಾಕ್ತಿದ್ದಿದ್ದು, ಗಾಡಿ ನನಗಿಂತ ಮುಂಚೆ ಇದ್ದವರ ಕಾಲದಿಂದ್ಲೂ ಅದೇ ಅಭ್ಯಾಸ. ಆಗ ಏನಾಗ್ತಿತ್ತು ಅಂದ್ರೆ ಚೆನ್ನೈಯಿಂದ ಖಾಲಿ ಕ್ರೇಟ್ ಹಾಕ್ಕೊಂಡು ವಾಪಸ್ ಬರ್ತಾ ಮೊಗಿಲಿ ಘಾಟ್ ಹತ್ತಿ ಪಲಮನೇರಲ್ಲಿ ಟೀಗೆ ನಿಲ್ಲಿಸಿದ್ರೆ ಸ್ಲೋನಲ್ಲಿ ಆಯಿಲ್ ಲೈಟು ಮಿಣ್ ಮಿಣ್ ಅಂತಿತ್ತು. ಆಕ್ಸಲರೇಟರ್ ಸ್ವಲ್ಪ ಒತ್ತಿದ್ರೆ ಹೋಗ್ತಿತ್ತು. ಬಿಸೀಲಿ ಆಯಿಲ್ ನೀರಾಗ್ತಾ ಇತ್ತು ಅಷ್ಟೇ. ಈಗ ಅದೇ ಘಾಟು, ಅದೇ ಟೀ ಅಂಗಡಿ, ಏಪ್ರಿಲ್ ಬಿಸಿಲಲ್ಲೂ ಲೈಟ್ ಹತ್ತಲ್ಲ. ಇದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ ಅನ್ಕೊಂಡಿದ್ದೆ.

ಆಮೇಲೆ ಲೀಕ್ ಶುರುವಾಯ್ತು.

ಮೂರನೇ ಸಲ ಆಯಿಲ್ ಬದಲಾಯಿಸಿದ ಮೇಲೆ ಬೆಳಿಗ್ಗೆ ನೋಡಿದ್ರೆ ಮನೆ ಮುಂದೆ ಅಂಗೈ ಅಗಲ ಕಪ್ಪು ಕಲೆ, ಮಾರನೇ ದಿನ ಇನ್ನೂ ದೊಡ್ಡದು, ನಮ್ಮಮ್ಮ ರಂಗೋಲಿ ಹಾಕೋ ಜಾಗ, ದಿನಾ ಬೈಸ್ಕೊಳ್ಳೋದು ನಾನು. ಇಂಜಿನ್ನೂ ಗೇರ್‌ಬಾಕ್ಸೂ ಸೇರೋ ಕಡೆಯಿಂದ ತೊಟ್ಟಿಕ್ತಿತ್ತು, ಅಂದ್ರೆ ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್. ಇಂಜಿನ್ ಮೇಲಿನ ಮುಚ್ಚಳ, ಅದೇ ಟ್ಯಾಪೆಟ್ ಕವರ್, ಅದರ ಪ್ಯಾಕಿಂಗ್ ಸುತ್ತನೂ ಬೆವರಿದಂಗೆ. ನನಗೆ ಎಷ್ಟು ಕೋಪ ಬಂತು ಅಂದ್ರೆ ಕಮ್ಮಿ ರೇಟಿನ ಆಯಿಲಲ್ಲಿ ವರ್ಷಗಟ್ಟಲೆ ಇಲ್ದೇ ಇರೋ ಲೀಕು ಜಾಸ್ತಿ ದುಡ್ಡು ಕೊಟ್ಟ ಆಯಿಲಲ್ಲಿ ಹೆಂಗೆ ಬಂತು ಅಂತ ಅಂಗಡಿಯವರ ಹತ್ರ ಜಗಳಕ್ಕೇ ಹೋಗಿದ್ದೆ. ಕಾರಣ ಆಮೇಲೆ ಗೊತ್ತಾಯ್ತು, ಇದನ್ನ ಯಾವ ಕ್ಯಾನ್ ಮೇಲೂ ಬರ್ದಿರಲ್ಲ. ಹಳೇ ಇಂಜಿನ್ನಲ್ಲಿ ರಬ್ಬರ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿರ್ತದೆ, ಆ ಬಿರುಕಲ್ಲಿ ಹಳೇ ಮಡ್ಡಿ ಸೇರ್ಕೊಂಡು ಅದೇ ಸೀಲ್ ಥರ ತಡೆದಿರ್ತದೆ. ತೊಳೆಯೋ ಗುಣ ಇರೋ ಆಯಿಲ್ ಬಂದು ಆ ಮಡ್ಡೀನ ಕರಗಿಸಿದ್ರೆ ಬಿರುಕು ಬಾಯಿ ಬಿಡ್ತದೆ. ರಬ್ಬರಿಗೆ ವಯಸ್ಸಾಗಿತ್ತು, ಆಯಿಲ್ ಅದನ್ನ ತೋರಿಸ್ತು. ಹಂಗಂತ ಖರ್ಚು ನಂದೇ ತಾನೇ, ಸೀಲ್ ರೇಟ್ ಕಮ್ಮಿ, ಅದನ್ನ ಹಾಕೋಕೆ ಗೇರ್‌ಬಾಕ್ಸ್ ಇಳಿಸ್ಬೇಕು, ಲೇಬರ್ರೇ ಜಾಸ್ತಿ. ಕ್ಲಚ್ ಪ್ಲೇಟ್ ಹೆಂಗೂ ಹತ್ರ ಬಂದಿತ್ತು, ಅದರ ತನಕ ದಿನಾ ಟಾಪ್‌ಅಪ್ ಮಾಡ್ಕೊಂಡು ಕೆಳಗೆ ತಟ್ಟೆ ಇಟ್ಕೊಂಡು ಓಡ್ಸಿ, ಎರಡೂ ಕೆಲ್ಸ ಒಂದೇ ಸಲ ಮಾಡಿಸ್ದೆ. ನೀವೂ ಲೂಸ್ ಆಯಿಲಿಂದ ಇದಕ್ಕೆ ಬರೋದಾದ್ರೆ ಈ ಖರ್ಚು ಮೊದಲೇ ಲೆಕ್ಕಕ್ಕೆ ಇಟ್ಕೊಳ್ಳಿ, ಮೊದಲನೇ ಸಲ ಹಾಕಿದ ಆಯಿಲನ್ನ ಅರ್ಧ ಅವಧಿಗೇ ಬಿಚ್ಚಿಬಿಡಿ, ಯಾಕಂದ್ರೆ ಕರಗಿದ ಮಡ್ಡಿ ಎಲ್ಲಾ ಫಿಲ್ಟರಿಗೆ ಬರ್ತದೆ, ಫಿಲ್ಟರ್ ಕಟ್ಕೊಂಡ್ರೆ ಬೈಪಾಸ್ ವಾಲ್ವ್ ತೆರ್ಕೊಂಡು ಸೋಸದೇ ಇರೋ ಆಯಿಲ್ ನೇರ ಬೇರಿಂಗಿಗೆ ಹೋಗ್ತದೆ. ಫಿಲ್ಟರ್ ಉಳಿಸೋಕೆ ಹೋಗ್ಬೇಡಿ, ಪ್ರತಿ ಸಲ ಹೊಸದು.

ನನ್ನ ಕೋಪ ಇಳಿದಿದ್ದು ಟ್ಯಾಪೆಟ್ ಸೆಟ್ಟಿಂಗ್ ಮಾಡಿಸೋ ದಿನ. ಪ್ಯಾಕಿಂಗ್ ಬದಲಾಯಿಸ್ಬೇಕು ಅಂತ ಕವರ್ ಬಿಚ್ಚಿದ್ರು. ಹಿಂದೆ ಒಂದ್ಸಲ ಬಿಚ್ಚಿದಾಗ ಒಳಗೆ ಬೆರಳಲ್ಲಿ ಗೀರೋಷ್ಟು ಮಡ್ಡಿ ಇತ್ತು, ರಾಕರ್ ಯಾವುದು ಸ್ಪ್ರಿಂಗ್ ಯಾವುದು ಕಾಣ್ತಿರಲಿಲ್ಲ. ಈಗ ಬರೀ ಕಬ್ಬಿಣ. ರಾಕರ್ ಮೇಲಿನ ನಂಬರ್ ಓದೋಂಗೆ ಇತ್ತು, ಮೂಲೆಗಳಲ್ಲಿ ಸ್ವಲ್ಪ ಕಂದು ಬಣ್ಣ ಬಿಟ್ರೆ ಏನೂ ಇಲ್ಲ. 20-50 ಹಾಕು ಅಂತಿದ್ದ ಮೇಸ್ತ್ರಿನೇ ಗ್ಯಾರೇಜ್ ಹುಡುಗರನ್ನ ಕರೆದು "ನೋಡ್ರೋ, 2007ರ ಗಾಡಿ" ಅಂತ ತೋರಿಸಿದ್ರು. ನಾನು ಎಷ್ಟೋ ಹೊತ್ತು ಅದನ್ನೇ ನೋಡ್ತಾ ನಿಂತಿದ್ದೆ, ಫೋಟೋನೂ ತೆಗ್ದೆ, ಇನ್ನೂ ಫೋನಲ್ಲಿ ಐತೆ.

ಒಂದು ಆಸೆ ಮಾತ್ರ ಇಟ್ಕೋಬೇಡಿ, ಆಯಿಲ್ ತಿನ್ನೋದು ನಿಲ್ಲಲ್ಲ. ಪಿಸ್ಟನ್ ರಿಂಗ್ ಸವೆದು ಬ್ಯಾಕ್ ಕಂಪ್ರೆಷನ್ (ಉರಿದ ಗ್ಯಾಸ್ ಪಿಸ್ಟನ್ ದಾಟಿ ಕೆಳಗೆ ಬರೋದು) ಬಂದಿರೋ ಗಾಡಿಗೆ ಯಾವ ಆಯಿಲೂ ಔಷಧಿ ಆಗಲ್ಲ. ನಂದು ಈಗ್ಲೂ ಎರಡು ಸರ್ವಿಸ್ ಮಧ್ಯ ಟಾಪ್‌ಅಪ್ ಕೇಳ್ತದೆ, ಸೀಲ್ ಬದಲಾಯಿಸಿದ ಮೇಲೆ ಕಮ್ಮಿ ಆಯ್ತು, ನಿಂತಿಲ್ಲ. ಅರ್ಧ ತಪ್ಪು ನಮ್ ರೋಡಿಂದು, ತೋಟಗಳ ಮಣ್ಣು ದಾರೀಲಿ ಲೋಡ್ ಎತ್ತೋಕೆ ಹೋದ್ರೆ ಏರ್ ಫಿಲ್ಟರ್ ತುಂಬಾ ಕೆಂಪು ಧೂಳು, ಆ ಧೂಳು ಒಳಗೆ ಹೋದ್ರೆ ಬೋರನ್ನ ಉಜ್ಜಿ ತಿನ್ನೋದೇ ಅದು. ಅದಕ್ಕೇ ಕಂಪನಿ ಹೇಳೋ ಕಿಲೋಮೀಟರ್ ತನಕ ನಾನು ಕಾಯಲ್ಲ. ಸೀಜನ್ನಲ್ಲಿ ಯಾರ್ಡ್ ಕ್ಯೂನಲ್ಲಿ ಗಂಟೆಗಟ್ಟಲೆ ಸ್ಟಾರ್ಟಲ್ಲೇ ನಿಂತಿರ್ತೀವಿ, ಮೀಟರ್ ಓಡಲ್ಲ ಇಂಜಿನ್ ಓಡ್ತಿರ್ತದೆ, ಬೇಗನೇ ಬಿಚ್ಚಿಬಿಡ್ತೀನಿ. ಡೀಸೆಲ್ ಈಗ ವಾಸಿ, ಈ ಗಾಡಿ ಬಂದಾಗ ಡೀಸೆಲಲ್ಲಿ 500 ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ 500 ಪಾಲು) ತನಕ ಗಂಧಕ ಇರ್ಬೋದಿತ್ತು, 2020ರ ಏಪ್ರಿಲಿಂದ ದೇಶಪೂರ್ತಿ 10 ಪಿಪಿಎಂ, ಆಯಿಲಲ್ಲಿ ಆಸಿಡ್ ಹುಟ್ಟೋದು ತುಂಬಾ ಕಮ್ಮಿ ಆಗೈತೆ. ಆದ್ರೆ ಮಸಿಯೂ ಧೂಳೂ ಹಂಗೇ ಇವೆ.

ಸಿಕೆ-4 ಹಾಕ್ಬೋದಾ ಅಂತ ಕೇಳ್ತಾರೆ. ಹಾಕ್ಬೋದು, ಹಳೇ ಇಂಜಿನ್ನಿಗೆ ತೊಂದ್ರೆ ಇಲ್ಲ, ಆದ್ರೆ ಅದು ಬೂದಿ ಕಮ್ಮಿ ಬರೋಂಗೆ ಮಾಡಿರೋದು, ಸೈಲೆನ್ಸರಲ್ಲಿ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇರೋ ಬಿಎಸ್-6 ಗಾಡಿಗಳಿಗೆ ಅಂಥದ್ದೇ ಬೇಕು. ನನ್ ಗಾಡೀಲಿ ಆ ಫಿಲ್ಟರೇ ಇಲ್ಲ, ಜಾಸ್ತಿ ದುಡ್ಡು ಯಾಕೆ ಕೊಡ್ಲಿ. 15 ವರ್ಷ ದಾಟಿದ ಗಾಡಿಗೆ ಎಫ್‌ಸಿ ಫೀಸೇ ಏರಿಸಿಟ್ಟಿದಾರೆ, ಉಳಿಯೋ ನಾಲ್ಕು ಕಾಸು ಫಿಲ್ಟರಿಗೆ ಹಾಕೋದು ವಾಸಿ. ಎಫ್‌ಎ-4 ಅಂತ ಇನ್ನೊಂದು ಬರ್ತದೆ, ಅದು ತೆಳು ಆಯಿಲ್, ಹಳೇ ಇಂಜಿನ್ನಿಗೆ ಬೇಡವೇ ಬೇಡ.

ಉಡುಪಿ ಕಡೆ ಲೋಡ್ ಇಳಿಸೋಕೆ ಹೋದಾಗ ಮಲ್ಪೆ ಬಂದರಲ್ಲಿ ಬೋಟಿನವರ ಹತ್ರ ಮಾತಾಡ್ತಿದ್ದೆ, ಅವರ ಬೋಟಲ್ಲಿರೋದು ಲಾರಿಗೆ ಬರೋ ಲೇಲ್ಯಾಂಡ್ ಇಂಜಿನ್ನೇ, ಅವರೂ 15ಡಬ್ಲ್ಯೂ-40ನೇ ಹಾಕ್ತಾರೆ. ಅವರ ಕಷ್ಟ ಬೇರೆ. ನಮ್ಗೆ ಗೇರ್ ಇಳಿಸಿ ಏರಿಸಿ ಇಂಜಿನ್ನಿಗೆ ಮಧ್ಯ ಮಧ್ಯ ಉಸಿರಾದ್ರೂ ಸಿಗ್ತದೆ, ಅವರಿಗೆ ಗಂಟೆಗಟ್ಟಲೆ ಒಂದೇ ಸ್ಪೀಡು ಒಂದೇ ಲೋಡು, ಮೇಲೆ ಉಪ್ಪು ನೀರು. ಅವರು ಕಿಲೋಮೀಟರ್ ನೋಡಲ್ಲ, ಗಂಟೆ ಲೆಕ್ಕ. ಕಡ್ಡೀಲಿ ಆಯಿಲ್ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ರೆ ಆಯಿಲ್ ತಣ್ಣಗೆ ಮಾಡೋ ಕೂಲರಿಂದ ನೀರು ಸೇರ್ತು ಅಂತ, ಆ ಕ್ಷಣವೇ ಇಂಜಿನ್ ನಿಲ್ಲಿಸ್ಬೇಕು. ಲಾರಿಗೂ ಅದೇ ಲೆಕ್ಕ, ಹೆಡ್ ಗ್ಯಾಸ್ಕೆಟ್ ಹೋದ್ರೆ ಅದೇ ಬಣ್ಣ ಬರ್ತದೆ.

ಕೊನೇದಾಗಿ ಡೂಪ್ಲಿಕೇಟ್. ಗ್ಯಾರೇಜಲ್ಲಿ ಬಿಟ್ಟು ಬಂದ ಒಳ್ಳೇ ಕಂಪನಿ ಖಾಲಿ ಕ್ಯಾನಿಗೆ ಗುಜರಿಯವರು ಯಾಕೆ ಅಷ್ಟು ರೇಟ್ ಕೊಡ್ತಾರೆ ಯೋಚ್ನೆ ಮಾಡಿ. ಅದೇ ಕ್ಯಾನಲ್ಲಿ ಹಳೇ ಆಯಿಲ್ ಸೋಸಿ ತುಂಬಿ ವಾಪಸ್ ಬರ್ತದೆ. ನಾನು ಆಯಿಲ್ ಬದಲಾಯಿಸೋವಾಗ ಪಕ್ಕದಲ್ಲೇ ನಿಂತಿರ್ತೀನಿ, ಮುಚ್ಚಳದ ಸೀಲ್ ನನ್ ಕೈಯಾರೆ ಬಿಚ್ಚಿ, ಒಂದು ಕ್ಯಾನ್ ಖಾಲಿ ಆಗ್ತಿದ್ದಂಗೇ ಹೆಕ್ಸಾ ಬ್ಲೇಡಲ್ಲಿ ಕುಯ್ಸಿ ಮನೆಗೆ ತಗೊಂಡು ಹೋಗ್ತೀನಿ. ಮೇಸ್ತ್ರಿಗೆ ಮೊದ್ಲು ಬೇಜಾರಾಗ್ತಿತ್ತು, ಈಗ ಅವರೇ ಬ್ಲೇಡ್ ತೆಗೆದು ಕೈಗೆ ಕೊಡ್ತಾರೆ. ಬಿಲ್ ಇಲ್ದೆ, ಸೀಲ್ ಸಡಿಲ ಇರೋ ಕ್ಯಾನು ಎಷ್ಟೇ ಕಮ್ಮಿಗೆ ಕೊಟ್ರೂ ಮುಟ್ಬೇಡಿ, ಅದರ ಬದ್ಲು ಪೆಟ್ರೋಲ್ ಬಂಕಲ್ಲಿ ಸಿಗೋ ಸರ್ಕಾರಿ ಕಂಪನಿ ಸಾದಾ 15ಡಬ್ಲ್ಯೂ-40 ಸಾಕು.